ಗರ್ಭದಲ್ಲೇ ತಿಳಿಯುವ ವರ್ಣತಂತು ದೋಷ: ತಿಳಿದ ಮೇಲೆ ಏನು?

(ಕಬ್ಬಾಳಿನಲ್ಲಿ ನಮ್ಮ ಸಂಸ್ಥೆಯ ವತಿಯಿಂದ ನಡೆದ ತಾಯಂದಿರ ಆರೋಗ್ಯ ಅರಿವು ಸಭೆಯಲ್ಲಿ ಸ್ತ್ರೀರೋಗ ತಜ್ಞೆಯೊಬ್ಬರು ಮಾಡಿದ ಭಾಷಣದ ಬರಹ ರೂಪ)



 

ಇಂದು ನನಗೆ ಕೊಟ್ಟಿರುವ ವಿಷಯದ ಹೆಸರು ಕೇಳಿದರೆ ಅರ್ಧ ಜನ ಎದ್ದು ಹೋಗಬಹುದು: 'ಗರ್ಭಾವಸ್ಥೆಯಲ್ಲಿ ಲಿಂಗ ವರ್ಣತಂತುಗಳ ದೋಷ ಪತ್ತೆ'. ಹೆಸರು ದೊಡ್ಡದು. ಆದರೆ ರೇಷ್ಮೆ ಬೆಳೆಯುವ ನಾಡಿನ ಜನರಾದ ನಿಮಗೆ ಇದು ಹೊಸ ವಿಷಯವೇನಲ್ಲ. ನಾನು ರೀಲರ್ ಒಬ್ಬರ ಮಗಳು. ಗೂಡು ಬೇಯುವ ವಾಸನೆಯಲ್ಲೇ ಓದಿ ಡಾಕ್ಟರಾದವಳು. ಆದ್ದರಿಂದ ರೇಷ್ಮೆ ಹುಳುವಿನಿಂದಲೇ ಮಾತು ಶುರು ಮಾಡುತ್ತೇನೆ.

ಬಿತ್ತನೆ ಕೋಠಿಯಲ್ಲಿ ತಾಯಿ ಚಿಟ್ಟೆ ಮೊಟ್ಟೆ ಇಟ್ಟ ಮೇಲೆ ಅದನ್ನು ಅರೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುತ್ತಾರೆ. ಗಂಟು ರೋಗದ ಬೀಜಾಣು ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡುತ್ತಾರೆ. ಈ ವಿಧಾನವನ್ನು ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನ ಲೂಯಿ ಪಾಸ್ತರ್ ಕಂಡುಹಿಡಿದರು. ಅದರಿಂದಲೇ ಇಂದಿಗೂ ರೇಷ್ಮೆ ಉಳಿದಿದೆ. ಹುಟ್ಟುವ ಮುಂಚೆಯೇ ಪರೀಕ್ಷೆ ಮಾಡುವುದು, ಕಾಯಿಲೆ ಇದ್ದರೆ ತೆಗೆದುಹಾಕುವುದು ಎಂಬ ಎರಡು ಕೆಲಸಗಳು ಅಲ್ಲಿ ಒಂದರ ಹಿಂದೆ ಒಂದು ತಾನಾಗಿಯೇ ನಡೆಯುತ್ತವೆ. ನಡುವೆ ಯಾರೂ ನಿಂತು ಯೋಚಿಸಬೇಕಾಗಿಲ್ಲ.

ಮನುಷ್ಯರ ವಿಷಯದಲ್ಲಿ ಈ ಎರಡರ ನಡುವೆ ನಿಂತು ಯೋಚಿಸಬೇಕು. ಇಂದು ನಾನು ಹೇಳಬೇಕೆಂದು ಬಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ವರ್ಣತಂತು ಎಂದರೇನು?

ನಮ್ಮ ದೇಹದ ಬಹುತೇಕ ಪ್ರತಿಯೊಂದು ಜೀವಕೋಶದಲ್ಲೂ ದಾರದಂತಹ 46 ತಂತುಗಳಿವೆ. ಅರ್ಧ ತಾಯಿಯಿಂದ ಬಂದದ್ದು, ಅರ್ಧ ತಂದೆಯಿಂದ ಬಂದದ್ದು. ಇವೇ ವರ್ಣತಂತುಗಳು. ಎತ್ತರ, ಬಣ್ಣ, ರಕ್ತದ ಗುಂಪು ಎಲ್ಲದರ ಲೆಕ್ಕಪುಸ್ತಕ ಇವುಗಳಲ್ಲಿದೆ. ಮನುಷ್ಯನಲ್ಲಿ ಇವು ಸರಿಯಾಗಿ 46 ಎಂಬುದು ಜಗತ್ತಿಗೆ ತಿಳಿದದ್ದೇ 1956ರಲ್ಲಿ. ಅದಕ್ಕೂ ಮೊದಲು 48 ಎಂದು ಪಠ್ಯಪುಸ್ತಕಗಳಲ್ಲಿ ಬರೆದಿತ್ತು!

ಈ 46ರಲ್ಲಿ ಎರಡು ತಂತುಗಳು ಲಿಂಗವನ್ನು ನಿರ್ಧರಿಸುತ್ತವೆ. ಹೆಣ್ಣಿನಲ್ಲಿ ಎರಡೂ 'ಎಕ್ಸ್'. ಗಂಡಿನಲ್ಲಿ ಒಂದು 'ಎಕ್ಸ್', ಒಂದು 'ವೈ'. ತಾಯಿ ಕೊಡುವುದು ಯಾವಾಗಲೂ ಎಕ್ಸ್ ಮಾತ್ರ. ತಂದೆ ಎಕ್ಸ್ ಕೊಟ್ಟರೆ ಹೆಣ್ಣು, ವೈ ಕೊಟ್ಟರೆ ಗಂಡು. ರೇಷ್ಮೆ ಹುಳುವಿನಲ್ಲಿ ಇದು ತಿರುವುಮುರುವು. ಅಲ್ಲಿ ಎರಡು ಬೇರೆ ಬೇರೆ ತಂತು ಇರುವುದು ಹೆಣ್ಣು ಹುಳುವಿನಲ್ಲಿ. ಆದ್ದರಿಂದ ಮರಿ ಗಂಡೋ ಹೆಣ್ಣೋ ಎಂಬುದು ತಾಯಿ ಹುಳುವಿನಿಂದ ತೀರ್ಮಾನವಾಗುತ್ತದೆ. ಹೆಣ್ಣುಮಗು ಹೆತ್ತಳೆಂದು ಸೊಸೆಯನ್ನು ಬೈಯುವ ಅತ್ತೆಯಂದಿರು ರೇಷ್ಮೆ ಹುಳುವಿನ ಲೆಕ್ಕವನ್ನು ಮನುಷ್ಯರಿಗೆ ಹಾಕುತ್ತಿದ್ದಾರೆ ಎಂದು ನಾನು ತಮಾಷೆಗೆ ಹೇಳುವುದುಂಟು.

ಲೆಕ್ಕ ತಪ್ಪಿದಾಗ

ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗ, ಇಲ್ಲವೇ ಗರ್ಭ ಕಟ್ಟಿದ ಮೊದಲ ದಿನಗಳಲ್ಲಿ, ಈ ತಂತುಗಳು ಸಮನಾಗಿ ಹಂಚಿಹೋಗಬೇಕು. ಒಮ್ಮೊಮ್ಮೆ ಹಂಚಿಕೆ ತಪ್ಪುತ್ತದೆ. ಒಂದು ಕಡಿಮೆಯಾಗುತ್ತದೆ ಅಥವಾ ಒಂದು ಹೆಚ್ಚಾಗುತ್ತದೆ. ಎಕ್ಸ್ ಮತ್ತು ವೈಗಳಲ್ಲಿ ಹೀಗಾದಾಗ ಮುಖ್ಯವಾಗಿ ನಾಲ್ಕು ಸ್ಥಿತಿಗಳು ಕಾಣುತ್ತವೆ.

ಮೊದಲನೆಯದು ಟರ್ನರ್ ಸಿಂಡ್ರೋಮ್. ಹೆಣ್ಣುಮಗುವಿನಲ್ಲಿ ಎರಡು ಎಕ್ಸ್ ಬದಲು ಒಂದೇ ಇರುತ್ತದೆ, ಅಥವಾ ಎರಡನೆಯದರ ತುಂಡು ಮಾತ್ರ ಇರುತ್ತದೆ. ಸುಮಾರು 2,000ದಿಂದ 2,500 ಹೆಣ್ಣು ಶಿಶುಗಳಲ್ಲಿ ಒಂದಕ್ಕೆ ಇದು ಇರುತ್ತದೆ. 1938ರಲ್ಲಿ ಅಮೆರಿಕದ ವೈದ್ಯ ಹೆನ್ರಿ ಟರ್ನರ್ ಇದನ್ನು ವಿವರಿಸಿದರು. ಮಗು ಕುಳ್ಳಗಿರುತ್ತದೆ. ಅಂಡಾಶಯ ಕೆಲಸ ಮಾಡದ ಕಾರಣ ಸಾಮಾನ್ಯವಾಗಿ ತಾನಾಗಿ ಮೈನೆರೆಯುವುದಿಲ್ಲ, ಮಕ್ಕಳಾಗುವುದು ಕಷ್ಟ. ಕೆಲವರಿಗೆ ಹೃದಯ, ರಕ್ತನಾಳ, ಮೂತ್ರಪಿಂಡದ ತೊಂದರೆ ಇರಬಹುದು. ಆದರೆ ಬುದ್ಧಿಶಕ್ತಿ ಬಹುತೇಕ ಎಲ್ಲರಲ್ಲೂ ಸಾಮಾನ್ಯವಾಗಿಯೇ ಇರುತ್ತದೆ. ಗಣಿತ ಸ್ವಲ್ಪ ಕಷ್ಟವಾಗಬಹುದು, ಅಷ್ಟೇ.

ಎರಡನೆಯದು ಕ್ಲೈನ್‌ಫೆಲ್ಟರ್ ಸಿಂಡ್ರೋಮ್. ಗಂಡುಮಗುವಿನಲ್ಲಿ ಒಂದು ಎಕ್ಸ್ ಹೆಚ್ಚು. ಸುಮಾರು 600 ಗಂಡು ಶಿಶುಗಳಲ್ಲಿ ಒಂದಕ್ಕೆ ಇರುತ್ತದೆ. 1942ರಲ್ಲಿ ಹ್ಯಾರಿ ಕ್ಲೈನ್‌ಫೆಲ್ಟರ್ ವಿವರಿಸಿದರು. ಹುಡುಗ ಎತ್ತರವಾಗಿ ಬೆಳೆಯುತ್ತಾನೆ, ಮಾತು ಸ್ವಲ್ಪ ತಡವಾಗಬಹುದು, ಗಂಡಸಿನ ಹಾರ್ಮೋನು ಕಡಿಮೆ ಇರುತ್ತದೆ, ಮದುವೆಯಾದ ಮೇಲೆ ಮಕ್ಕಳಾಗುವುದು ಕಷ್ಟವಾಗುತ್ತದೆ. ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ತಮಗೆ ಹೀಗಿದೆ ಎಂಬುದು ಜೀವಮಾನವಿಡೀ ಗೊತ್ತೇ ಆಗುವುದಿಲ್ಲ.

ಮೂರನೆಯದು, ಹೆಣ್ಣಿನಲ್ಲಿ ಮೂರು ಎಕ್ಸ್ ಇರುವುದು. ನಾಲ್ಕನೆಯದು, ಗಂಡಿನಲ್ಲಿ ಎರಡು ವೈ ಇರುವುದು. ಇವೆರಡೂ ಸುಮಾರು ಸಾವಿರಕ್ಕೊಂದು. ಇಂಥವರಲ್ಲಿ ಬಹಳ ಜನ ನಮ್ಮ ನಿಮ್ಮಂತೆಯೇ ಓದಿ, ಕೆಲಸ ಮಾಡಿ, ಮದುವೆಯಾಗಿ ಮಕ್ಕಳನ್ನು ಪಡೆಯುತ್ತಾರೆ. ಕೆಲವು ಮಕ್ಕಳಿಗೆ ಮಾತಿನಲ್ಲೂ ಕಲಿಕೆಯಲ್ಲೂ ಸಹಾಯ ಬೇಕಾಗಬಹುದು.

ನಾಲ್ಕನ್ನೂ ಸೇರಿಸಿದರೆ ಸುಮಾರು 400ರಿಂದ 500 ಹೆರಿಗೆಗಳಲ್ಲಿ ಒಂದು. ಅಂದರೆ ಸಾವಿರ ಮಕ್ಕಳಿರುವ ಶಾಲೆಯಲ್ಲಿ ಇಂಥ ಇಬ್ಬರು ಇರಬಹುದು. ಇಲ್ಲಿರುವ ಶಿಕ್ಷಕರು ಇಂಥ ಮಕ್ಕಳಿಗೆ ಪಾಠ ಮಾಡಿದ್ದಾರೆ. ಅವರಿಗೆ ಗೊತ್ತಾಗಿಲ್ಲ.

ಇಲ್ಲೊಂದು ಎಚ್ಚರಿಕೆಯ ಮಾತು. 1960ರ ದಶಕದಲ್ಲಿ ಬ್ರಿಟನ್ನಿನ ಒಂದು ಭದ್ರ ಆಸ್ಪತ್ರೆಯ ಕೈದಿಗಳಲ್ಲಿ ಎರಡು ವೈ ಇರುವವರು ಹೆಚ್ಚಾಗಿ ಕಂಡರು. ಅಷ್ಟಕ್ಕೇ 'ಎರಡು ವೈ ಇದ್ದವನು ಹುಟ್ಟು ಅಪರಾಧಿ' ಎಂಬ ಸುದ್ದಿ ಪತ್ರಿಕೆಗಳಲ್ಲಿ ಹಬ್ಬಿತು. 1976ರಲ್ಲಿ ಡೆನ್ಮಾರ್ಕಿನ ಸಾವಿರಾರು ಗಂಡಸರನ್ನು ಪರೀಕ್ಷಿಸಿ ಬರೆದ ವರದಿ, ಇವರು ಹೆಚ್ಚು ಹಿಂಸಾಪ್ರವೃತ್ತಿಯವರು ಎನ್ನಲು ಆಧಾರವಿಲ್ಲ ಎಂದು ತೋರಿಸಿತು. ಅಷ್ಟರಲ್ಲಿ ಎಷ್ಟು ತಂದೆತಾಯಿಯರು ತಮ್ಮ ಮಗನನ್ನು ಅನುಮಾನದಿಂದ ನೋಡಿದ್ದರೋ! ಅರ್ಧ ತಿಳಿವಳಿಕೆ ಹೀಗೆ ಮನೆ ಹಾಳು ಮಾಡುತ್ತದೆ.

ತಪ್ಪು ಯಾರದು?

ಈ ಪ್ರಶ್ನೆ ಪ್ರತಿ ಮನೆಯಲ್ಲೂ ಬರುತ್ತದೆ. ಉತ್ತರ: ಯಾರದೂ ಅಲ್ಲ. ಗ್ರಹಣದಲ್ಲಿ ಹೊರಗೆ ಹೋದದ್ದರಿಂದಲೂ ಅಲ್ಲ, ಯಾರ ಕಣ್ಣು ಬಿದ್ದದ್ದರಿಂದಲೂ ಅಲ್ಲ.

ಇನ್ನೂ ಒಂದು ತಪ್ಪು ಕಲ್ಪನೆ ಇದೆ. ಸಂಬಂಧದಲ್ಲಿ ಮದುವೆಯಾದದ್ದೇ ಕಾರಣ ಎಂದು ಅನೇಕರು ನಂಬಿದ್ದಾರೆ. ನಮ್ಮ ಕರ್ನಾಟಕದಲ್ಲಿ ಸೋದರಮಾವನ ಮದುವೆ, ಅತ್ತೆ ಮಗಳು, ಮಾವನ ಮಗಳು, ಚಿಕ್ಕಪ್ಪನ ಮಗಳು ಎಂದು ಎಲ್ಲ ಸಮುದಾಯಗಳಲ್ಲೂ ಒಂದಲ್ಲ ಒಂದು ರೀತಿ ಸಂಬಂಧದ ಮದುವೆ ಇದೆ. 1980ರ ದಶಕದಲ್ಲಿ ರಾಜ್ಯದ ಒಂದು ಲಕ್ಷಕ್ಕೂ ಹೆಚ್ಚು ಮದುವೆಗಳನ್ನು ಅಧ್ಯಯನ ಮಾಡಿದಾಗ ಸುಮಾರು ಮೂರರಲ್ಲಿ ಒಂದು ರಕ್ತಸಂಬಂಧದ ಮದುವೆ ಎಂದು ತಿಳಿದುಬಂತು. ಇಂಥ ಮದುವೆಯಿಂದ ಕೆಲವು ಬೇರೆ ಅನುವಂಶೀಯ ಕಾಯಿಲೆಗಳ ಸಾಧ್ಯತೆ ಹೆಚ್ಚುತ್ತದೆ ಎಂಬುದು ನಿಜ. ಥಲಸ್ಸೀಮಿಯಾ, ಕೆಲವು ಬಗೆಯ ಹುಟ್ಟು ಕಿವುಡು ಇವೆಲ್ಲ ಆ ಗುಂಪಿನವು. ಆದರೆ ಟರ್ನರ್, ಕ್ಲೈನ್‌ಫೆಲ್ಟರ್ ಮುಂತಾದವುಗಳಿಗೂ ಸಂಬಂಧದ ಮದುವೆಗೂ ನಂಟಿಲ್ಲ.

ತಾಯಿಯ ವಯಸ್ಸು ಹೆಚ್ಚಿದಂತೆ ಮೂರು ಎಕ್ಸ್ ಮತ್ತು ಕ್ಲೈನ್‌ಫೆಲ್ಟರ್ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ. ಟರ್ನರ್ ಸಾಧ್ಯತೆ ತಾಯಿಯ ವಯಸ್ಸಿನಿಂದ ಹೆಚ್ಚುವುದಿಲ್ಲ. ಅಷ್ಟೇ ಅಲ್ಲ, ಟರ್ನರ್ ಇರುವ ಬಹುಪಾಲು ಮಕ್ಕಳಲ್ಲಿ ಉಳಿದಿರುವ ಒಂದು ಎಕ್ಸ್ ತಾಯಿ ಕೊಟ್ಟದ್ದೇ ಆಗಿರುತ್ತದೆ. ಕಳೆದುಹೋದದ್ದು ತಂದೆಯ ಕಡೆಯದು. ಎರಡು ವೈ ಇದ್ದರಂತೂ ಹೆಚ್ಚುವರಿ ವೈ ತಂದೆಯಿಂದಲೇ ಬಂದದ್ದು. ತಂದೆಯನ್ನು ದೂರುವುದಕ್ಕೆ ನಾನು ಇದನ್ನು ಹೇಳುತ್ತಿಲ್ಲ. ಸೊಸೆಯನ್ನು ತವರಿಗೆ ಅಟ್ಟುವ ಮುಂಚೆ ಈ ಮಾತು ನೆನಪಿರಲಿ ಎಂದು ಹೇಳುತ್ತಿದ್ದೇನೆ.

ಪರೀಕ್ಷೆಗಳು ಯಾವುವು?

ಮೊದಲನೆಯದು ಸ್ಕ್ಯಾನಿಂಗ್. 11ರಿಂದ 14 ವಾರದೊಳಗೆ ಮಗುವಿನ ಕತ್ತಿನ ಹಿಂದೆ ನೀರು ಹೆಚ್ಚಾಗಿ ತುಂಬಿಕೊಂಡಿದ್ದರೆ ವರ್ಣತಂತು ದೋಷದ ಅನುಮಾನ ಬರುತ್ತದೆ. ಟರ್ನರ್ ಇರುವ ಕೆಲವು ಮಕ್ಕಳಲ್ಲಿ ಇದು ಎದ್ದು ಕಾಣುತ್ತದೆ. ಜೊತೆಗೆ ತಾಯಿಯ ರಕ್ತದ 'ಡಬಲ್ ಮಾರ್ಕರ್' ಪರೀಕ್ಷೆ ಮಾಡುತ್ತಾರೆ.

ಎರಡನೆಯದು, ಈಚೆಗೆ ಬಂದಿರುವ ಎನ್‌ಐಪಿಟಿ ಎಂಬ ರಕ್ತಪರೀಕ್ಷೆ. ಮಗುವಿನ ಮಾಸಿನ ಡಿಎನ್‌ಎ ತುಣುಕುಗಳು ತಾಯಿಯ ರಕ್ತದಲ್ಲಿ ತೇಲುತ್ತವೆ ಎಂದು 1997ರಲ್ಲಿ ಡೆನ್ನಿಸ್ ಲೋ ಎಂಬ ವಿಜ್ಞಾನಿ ಮತ್ತು ಸಂಗಡಿಗರು ತೋರಿಸಿದರು. ಅದರ ಆಧಾರದ ಮೇಲೆ ಹತ್ತನೇ ವಾರದಿಂದ ಈ ಪರೀಕ್ಷೆ ಮಾಡಬಹುದು. ತಾಯಿಯ ತೋಳಿನಿಂದ ರಕ್ತ ತೆಗೆದರೆ ಸಾಕು, ಗರ್ಭಕ್ಕೆ ಸೂಜಿ ತಾಕುವುದಿಲ್ಲ. ಆದರೆ ಇದು ಅನುಮಾನ ಹೇಳುವ ಪರೀಕ್ಷೆ, ತೀರ್ಪು ಕೊಡುವ ಪರೀಕ್ಷೆಯಲ್ಲ. ಅದರಲ್ಲೂ ಟರ್ನರ್ ವಿಷಯದಲ್ಲಿ 'ಹೆಚ್ಚಿನ ಸಾಧ್ಯತೆ' ಎಂದು ಬಂದ ವರದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮುಂದಿನ ಪರೀಕ್ಷೆಯಲ್ಲಿ ಸುಳ್ಳಾಗುತ್ತವೆ. ಮಾಸಿನಲ್ಲಿ ಮಾತ್ರ ದೋಷವಿದ್ದು ಮಗುವಿನಲ್ಲಿ ಇಲ್ಲದಿರಬಹುದು. ವಯಸ್ಸಾದಂತೆ ತಾಯಿಯ ರಕ್ತಕಣಗಳಲ್ಲೇ ಎಕ್ಸ್ ಕಳೆದುಹೋಗುವುದುಂಟು, ಅದೂ ವರದಿಯನ್ನು ಕೆಡಿಸುತ್ತದೆ.

ಮೂರನೆಯದು ಖಚಿತ ಪರೀಕ್ಷೆ. 11ರಿಂದ 14 ವಾರದೊಳಗೆ ಮಾಸಿನ ಚೂರು ತೆಗೆದು ನೋಡಬಹುದು. 16 ವಾರದ ನಂತರ ಗರ್ಭಜಲ ತೆಗೆದು, ಅದರಲ್ಲಿರುವ ಮಗುವಿನ ಜೀವಕೋಶಗಳ ವರ್ಣತಂತುಗಳನ್ನು ಎಣಿಸಬಹುದು. ಪೂರ್ಣ ವರದಿಗೆ ಎರಡು ಮೂರು ವಾರ ಬೇಕು. ಸೂಜಿಯಿಂದ ಗರ್ಭಪಾತವಾಗುವ ಅಪಾಯ ಇದೆ, ಆದರೆ ನುರಿತವರು ಮಾಡಿದರೆ ನೂರಕ್ಕೆ ಒಂದಕ್ಕಿಂತ ಕಡಿಮೆ.

ಒಂದು ಮನೆಯ ಕಥೆ

ಕೆಲವು ವರ್ಷಗಳ ಹಿಂದೆ ಒಬ್ಬ ಖಾಲಾ ಸೊಸೆಯನ್ನು ಕರೆದುಕೊಂಡು ನನ್ನ ಹತ್ತಿರ ಬಂದರು. ಸೊಸೆಗೆ 36 ವರ್ಷ, ಎರಡನೇ ಬಸುರಿ. ಮೊದಲನೆಯದು ಹೆಣ್ಣುಮಗು. ಎಲ್ಲೋ ಎನ್‌ಐಪಿಟಿ ಮಾಡಿಸಿದ್ದರು, ಟರ್ನರ್ ಸಾಧ್ಯತೆ ಎಂದು ಬಂದಿತ್ತು. ವರದಿ ನೋಡಿದವರು ಯಾರೋ ಫೋನಿನಲ್ಲೇ 'ಬುದ್ಧಿಮಾಂದ್ಯ ಹೆಣ್ಣುಮಗು, ತೆಗೆಸಿಬಿಡಿ' ಎಂದಿದ್ದರು. ಎರಡು ಮಾತಿನಲ್ಲಿ ಎರಡು ತಪ್ಪು. ಒಂದು, ಟರ್ನರ್ ಎಂದರೆ ಬುದ್ಧಿಮಾಂದ್ಯವಲ್ಲ. ಎರಡು, ಅದು ಇನ್ನೂ ಖಚಿತವಾಗಿರಲೇ ಇಲ್ಲ.

ಖಾಲಾ ತೀರ್ಮಾನ ಮಾಡಿಕೊಂಡೇ ಬಂದಿದ್ದರು. "ಡಾಕ್ಟರ್ ಆಪಾ, ಇವತ್ತೇ ಮುಗಿಸಿಬಿಡಿ" ಅಂದರು. ಸೊಸೆ ಮಾತಾಡಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ನೆಲ ನೋಡುತ್ತಿದ್ದಳು.

ನಾನು ಕೇಳಿದೆ: "ಖಾಲಾ, ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು ಕೇಳುತ್ತೇನೆ. ನಿಮಗೆ ಭಯ ಯಾವುದರದು? ಕಾಯಿಲೆಯದೋ, ಹೆಣ್ಣು ಅನ್ನೋದರದೋ?"

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಎರಡೂ ಸೇರಿಕೊಂಡಿದೆ ಕಣಮ್ಮ" ಅಂದರು. ಅವರ ಪ್ರಾಮಾಣಿಕತೆಗೆ ನಾನು ಇಂದಿಗೂ ಗೌರವ ಕೊಡುತ್ತೇನೆ. ಈ ಇಡೀ ವಿಷಯದ ಗಂಟು ಇರುವುದೇ ಅಲ್ಲಿ. ಬೇರೆ ಕಾಯಿಲೆಗಳ ಹೆಸರು ಹೇಳಿದರೆ ಮಗು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಇಲ್ಲಿ ಮಾತ್ರ ಕಾಯಿಲೆಯ ಹೆಸರಿನೊಳಗೇ ಲಿಂಗ ಅಡಗಿ ಕೂತಿದೆ. ಟರ್ನರ್ ಅಂದರೆ ಹೆಣ್ಣು, ಕ್ಲೈನ್‌ಫೆಲ್ಟರ್ ಅಂದರೆ ಗಂಡು. ಕಾಯಿಲೆಯ ನೆಪದಲ್ಲಿ ಹೆಣ್ಣೆಂಬ ಕಾರಣಕ್ಕೇ ಗರ್ಭ ತೆಗೆಸಿದರೂ ಹೊರಗಿನವರಿಗೆ ತಿಳಿಯುವುದಿಲ್ಲ. ಒಮ್ಮೊಮ್ಮೆ ಮನೆಯವರಿಗೂ ತಿಳಿಯುವುದಿಲ್ಲ.

ಗರ್ಭಜಲ ಪರೀಕ್ಷೆ ಮಾಡಿಸಿದೆವು. ಆ ಮೂರು ವಾರ ಆ ಹೆಣ್ಣುಮಗಳು ಹೇಗೆ ಕಳೆದಳೋ ಅವಳಿಗೇ ಗೊತ್ತು. ವರದಿ ಬಂದಾಗ ವರ್ಣತಂತುಗಳು ಸರಿಯಾಗಿದ್ದವು. ಮಗು ಹುಟ್ಟಿದ ಮೇಲೆ ಮೊಮ್ಮಗಳನ್ನು ಶಾಲಿನಲ್ಲಿ ಸುತ್ತಿಕೊಂಡು ನನಗೆ ತೋರಿಸಲು ಬಂದದ್ದು ಅದೇ ಖಾಲಾ.

ಫಲಿತಾಂಶ ಸರಿ ಬಂದದ್ದರಿಂದ ಈ ಕಥೆ ಸುಲಭವಾಯಿತು. ದೋಷ ಇರುವುದು ಖಚಿತವಾಗಿದ್ದರೆ?

ನನ್ನದೇ ಒಂದು ತಪ್ಪು

ಅದಕ್ಕೆ ನಾನು ಇನ್ನೊಂದು ಘಟನೆ ಹೇಳಲೇಬೇಕು. ಇದು ನನ್ನ ತಪ್ಪಿನ ಕಥೆ. ನಾನಾಗ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಹೊರಗೆ ಐವತ್ತು ಜನ ಕಾಯುತ್ತಿದ್ದರು. ಒಂದು ದಂಪತಿಯ ಗರ್ಭಜಲ ವರದಿಯಲ್ಲಿ ಒಂದು ಎಕ್ಸ್ ಹೆಚ್ಚಾಗಿತ್ತು, ಕ್ಲೈನ್‌ಫೆಲ್ಟರ್. ನಾನು ನಿಂತ ಕಾಲಲ್ಲೇ ಹೇಳಿದೆ: "ವರ್ಣತಂತು ದೋಷ ಇದೆ. ಈ ಮಗುವಿಗೆ ಮುಂದೆ ಮಕ್ಕಳಾಗುವುದು ಕಷ್ಟ. ಯೋಚನೆ ಮಾಡಿ ಬನ್ನಿ."

ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಹೇಳದೆ ಬಿಟ್ಟದ್ದು ಬಹಳ ಇತ್ತು. ಈ ಮಗು ನಡೆಯುತ್ತದೆ, ಓದುತ್ತದೆ, ದುಡಿಯುತ್ತದೆ, ಮದುವೆಯಾಗಬಹುದು ಎಂದು ಹೇಳಲಿಲ್ಲ. ಮಾತು ತಡವಾದರೆ ತರಬೇತಿ ಇದೆ, ಹದಿಹರೆಯದಲ್ಲಿ ಹಾರ್ಮೋನು ಕೊಡಬಹುದು, ಇಂದಿನ ಚಿಕಿತ್ಸೆಯಿಂದ ಕೆಲವರಿಗೆ ಸ್ವಂತ ಮಕ್ಕಳೂ ಆಗಿವೆ ಎಂದು ಹೇಳಲಿಲ್ಲ. ಆ ದಂಪತಿ ಮತ್ತೆ ನನ್ನ ಹತ್ತಿರ ಬರಲಿಲ್ಲ. ಆ ಮಗು ಹುಟ್ಟಿತೋ ಇಲ್ಲವೋ ನನಗೆ ಗೊತ್ತಿಲ್ಲ. ಈ ಮಾತನ್ನು ಇಷ್ಟು ವರ್ಷ ಯಾವ ಸಭೆಯಲ್ಲೂ ಹೇಳಿರಲಿಲ್ಲ. ಇಂದು ಹೇಳಿದ್ದೇನೆ.

ಅಂದಿನಿಂದ ನಾನು ಒಂದು ನಿಯಮ ಮಾಡಿಕೊಂಡಿದ್ದೇನೆ. ಇಂಥ ವರದಿಯನ್ನು ನಿಂತು ಹೇಳುವುದಿಲ್ಲ, ಫೋನಿನಲ್ಲಿ ಹೇಳುವುದಿಲ್ಲ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ, ಅವರ ಭಾಷೆಯಲ್ಲಿ, ತೊಂದರೆ ಎಷ್ಟು, ಸಾಧ್ಯತೆ ಎಷ್ಟು, ಸಹಾಯ ಏನಿದೆ ಎಂದು ಹೇಳುತ್ತೇನೆ. ಆಮೇಲೆ ಅವರು ಯಾವ ತೀರ್ಮಾನಕ್ಕೆ ಬಂದರೂ ಅದು ಅವರದು. ಕಾನೂನಿನ ಪ್ರಕಾರ ವಯಸ್ಕ ಹೆಣ್ಣಿನ ಗರ್ಭದ ವಿಷಯದಲ್ಲಿ ಬೇಕಾದದ್ದು ಅವಳ ಒಪ್ಪಿಗೆ. ಅತ್ತೆಯದೂ ಅಲ್ಲ, ಗಂಡನದೂ ಅಲ್ಲ, ಡಾಕ್ಟರದೂ ಅಲ್ಲ.

ಕಾನೂನು ಏನು ಹೇಳುತ್ತದೆ?

ಗರ್ಭಜಲ ಪರೀಕ್ಷೆ ನಮ್ಮ ದೇಶಕ್ಕೆ 1970ರ ದಶಕದಲ್ಲಿ ಬಂದದ್ದು ಅನುವಂಶೀಯ ಕಾಯಿಲೆ ಪತ್ತೆಗೆ. ಕೆಲವೇ ವರ್ಷಗಳಲ್ಲಿ ಅದು ಹೆಣ್ಣು ಭ್ರೂಣ ಪತ್ತೆಯ ದಂಧೆಯಾಯಿತು. 1988ರಲ್ಲಿ ಮಹಾರಾಷ್ಟ್ರ ಮೊದಲು ಕಾನೂನು ತಂದಿತು. 1994ರಲ್ಲಿ ಕೇಂದ್ರ ಕಾಯ್ದೆ ಬಂತು, 1996ರ ಜನವರಿಯಿಂದ ಜಾರಿಯಾಯಿತು, 2003ರಲ್ಲಿ ತಿದ್ದುಪಡಿಯಾಗಿ ಈಗಿನ ಪಿಸಿಪಿಎನ್‌ಡಿಟಿ ಕಾಯ್ದೆಯಾಯಿತು.

ಈ ಕಾಯ್ದೆ ಪರೀಕ್ಷೆಯನ್ನು ನಿಷೇಧಿಸಿಲ್ಲ ಎಂಬುದನ್ನು ಗಮನಿಸಬೇಕು. ವರ್ಣತಂತು ದೋಷ, ಥಲಸ್ಸೀಮಿಯಾದಂತಹ ರಕ್ತದ ಕಾಯಿಲೆ, ಅಂಗವೈಕಲ್ಯ ಇವುಗಳ ಪತ್ತೆಗೆ ನೋಂದಾಯಿತ ಕೇಂದ್ರದಲ್ಲಿ ಅವಕಾಶ ಇದೆ. ತಾಯಿಯ ವಯಸ್ಸು 35 ದಾಟಿರುವುದು, ಎರಡು ಅಥವಾ ಹೆಚ್ಚು ಬಾರಿ ಗರ್ಭಪಾತವಾಗಿರುವುದು, ಮನೆತನದಲ್ಲಿ ಅನುವಂಶೀಯ ಕಾಯಿಲೆ ಇರುವುದು ಇಂಥ ಕಾರಣಗಳು ಇರಬೇಕು. ಪರೀಕ್ಷೆಯ ಅಪಾಯಗಳನ್ನು ತಾಯಿಗೆ ವಿವರಿಸಿ, ಅವಳಿಗೆ ತಿಳಿಯುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆದು, ಅದರ ಪ್ರತಿಯನ್ನು ಅವಳಿಗೆ ಕೊಡಬೇಕು. ಅದನ್ನು ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು.

ನಿಷೇಧ ಇರುವುದು ಲಿಂಗ ತಿಳಿಯುವುದಕ್ಕೆಂದೇ ಪರೀಕ್ಷೆ ಮಾಡುವುದಕ್ಕೆ, ಮತ್ತು ಮಾತಿನಿಂದಾಗಲಿ, ಸನ್ನೆಯಿಂದಾಗಲಿ, ಬೇರಾವ ರೀತಿಯಿಂದಾಗಲಿ ಲಿಂಗ ತಿಳಿಸುವುದಕ್ಕೆ. ತಪ್ಪು ಮಾಡಿದ ವೈದ್ಯರಿಗೆ ಮೊದಲ ಸಲ ಮೂರು ವರ್ಷದವರೆಗೆ ಜೈಲು, ಹತ್ತು ಸಾವಿರದವರೆಗೆ ದಂಡ. ಐದು ವರ್ಷ ನೋಂದಣಿಯೂ ರದ್ದು. ಕೇಳಿ ಮಾಡಿಸಿದ ಗಂಡನಿಗೂ ಬಂಧುಗಳಿಗೂ ಶಿಕ್ಷೆ ಇದೆ. ಗರ್ಭಿಣಿಯನ್ನು ಮಾತ್ರ, ಅವಳು ಮನೆಯವರ ಒತ್ತಾಯಕ್ಕೆ ಒಳಗಾದವಳು ಎಂದೇ ನ್ಯಾಯಾಲಯ ಮೊದಲು ಭಾವಿಸುತ್ತದೆ.

ಇದೆಲ್ಲ ಉತ್ತರ ಭಾರತದ ಕಥೆ, ನಮ್ಮ ಕಡೆ ಇಲ್ಲ ಎನ್ನುವವರಿದ್ದಾರೆ. 2023ರಲ್ಲಿ ನಮ್ಮ ನೆರೆಯ ಮಂಡ್ಯ ಜಿಲ್ಲೆಯಲ್ಲಿ ಏನಾಯಿತು ನೆನಪು ಮಾಡಿಕೊಳ್ಳಿ. ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಬೆಂಗಳೂರು ಪೊಲೀಸರು ಹಿಡಿದರು. ಕೆಲವೇ ವರ್ಷಗಳಲ್ಲಿ ಸುಮಾರು 900 ಗರ್ಭಪಾತ ಮಾಡಿಸಿರಬಹುದು ಎಂದು ಆಗ ಪೊಲೀಸರು ಹೇಳಿದರು. ತನಿಖೆ ಸಿಐಡಿಗೆ ಹೋಯಿತು. ಬೆಲ್ಲ ಕಾಯಿಸುವ ಜಾಗ ಅದು! ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರ ಜನಗಣತಿಯಲ್ಲಿ 960 ಹೆಣ್ಣುಮಕ್ಕಳಿದ್ದರು. 2001ರಲ್ಲಿ 946, 2011ರಲ್ಲಿ 948. ಕಾಣೆಯಾದ ಆ ಮಕ್ಕಳಿಗೆ ಯಾವ ವರ್ಣತಂತು ದೋಷವಿತ್ತು?

ಗರ್ಭಪಾತದ ಕಾನೂನು ಬೇರೆ. 1971ರ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿದೆ. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಬೇಕು. 20ರಿಂದ 24 ವಾರದವರೆಗೆ ಕೆಲವು ವರ್ಗದ ಮಹಿಳೆಯರಿಗೆ ಮಾತ್ರ, ಇಬ್ಬರು ವೈದ್ಯರ ಅಭಿಪ್ರಾಯದೊಂದಿಗೆ ಅವಕಾಶ. ಅದರ ಮೇಲೆ, ಮಗುವಿಗೆ ಗಂಭೀರ ದೋಷವಿದೆ ಎಂದು ವೈದ್ಯಕೀಯ ಮಂಡಳಿ ಹೇಳಿದರೆ ಮಾತ್ರ.

ಧರ್ಮದ ಪ್ರಶ್ನೆಯನ್ನೂ ತಾಯಂದಿರು ನನ್ನನ್ನು ಕೇಳುತ್ತಾರೆ. ನಾನು ಆಲಿಮಾ ಅಲ್ಲ. ಆದರೂ ಇಷ್ಟು ಎಲ್ಲರಿಗೂ ಗೊತ್ತು: ಹೆಣ್ಣು ಶಿಶುವನ್ನು ಜೀವಂತ ಹೂಳುತ್ತಿದ್ದ ಪದ್ಧತಿಯನ್ನು ಪವಿತ್ರ ಕುರ್‌ಆನ್ ಕಟುವಾಗಿ ಖಂಡಿಸಿದೆ. ಮಗುವಿನ ಕಾಯಿಲೆಯ ವಿಷಯದಲ್ಲಿ 1990ರಲ್ಲಿ ಮಕ್ಕಾದಲ್ಲಿ ಸೇರಿದ್ದ ಫಿಕ್ಹ್ ಮಂಡಳಿ, ಗರ್ಭ ನಿಂತು 120 ದಿನದೊಳಗೆ, ದೋಷ ಗಂಭೀರವಾಗಿದ್ದು ಚಿಕಿತ್ಸೆಗೆ ಬಗ್ಗದ್ದು ಎಂದು ನುರಿತ ವೈದ್ಯರ ತಂಡ ಖಚಿತಪಡಿಸಿದರೆ ಮಾತ್ರ, ತಂದೆತಾಯಿ ಕೇಳಿಕೊಂಡಲ್ಲಿ ಅವಕಾಶವಿದೆ ಎಂದಿತು. ಬಲ್ಲ ಉಲಮಾರನ್ನೂ ವೈದ್ಯರನ್ನೂ ಇಬ್ಬರನ್ನೂ ಕೇಳಿ. ಕಾಯಿಲೆ ಎಷ್ಟು ಗಂಭೀರ ಎಂಬುದನ್ನು ಸರಿಯಾಗಿ ತಿಳಿಯದೆ ಯಾವ ಆಲಿಮರೂ ಸರಿಯಾದ ಉತ್ತರ ಕೊಡಲಾರರು.

ತಿಳಿದರೆ ಏನು ಲಾಭ?

ಹಾಗಾದರೆ ಪರೀಕ್ಷೆ ಯಾಕೆ ಬೇಕು ಎಂದು ನೀವು ಕೇಳಬಹುದು. ತಿಳಿದದ್ದರಿಂದ ಮಗುವಿಗೆ ಎಷ್ಟು ಸಹಾಯವಾಗುತ್ತದೆ ನೋಡಿ.

ಒಂಬತ್ತನೇ ತರಗತಿಯ ಒಬ್ಬ ಹುಡುಗಿಯನ್ನು ತಾಯಿ ನನ್ನ ಬಳಿ ಕರೆತಂದರು. ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡ. ಮೈನೆರೆದಿರಲಿಲ್ಲ. ನಾಲ್ಕು ವರ್ಷ ತಾಯತ, ಹರಕೆ, ಬಗೆಬಗೆಯ ಪುಡಿ ಎಲ್ಲ ಆಗಿತ್ತು. ವರ್ಣತಂತು ಪರೀಕ್ಷೆ ಮಾಡಿಸಿದಾಗ ಟರ್ನರ್ ಎಂದು ತಿಳಿಯಿತು. ಹಾರ್ಮೋನು ಕೊಟ್ಟ ಮೇಲೆ ಇತರ ಹುಡುಗಿಯರಂತೆ ಬೆಳವಣಿಗೆ ಆಯಿತು. ಆದರೆ ಎತ್ತರ ಹೆಚ್ಚಿಸುವ ಹಾರ್ಮೋನಿನ ಕಾಲ ಬಹುಪಾಲು ಮೀರಿಹೋಗಿತ್ತು. ಅದನ್ನು ಎಳೆಯ ವಯಸ್ಸಿನಲ್ಲೇ ಶುರು ಮಾಡಬೇಕಿತ್ತು. ಹೃದಯದ ರಕ್ತನಾಳವನ್ನೂ ಹುಟ್ಟಿದಾಗಲೇ ನೋಡಬೇಕಿತ್ತು. ಪುಣ್ಯಕ್ಕೆ ಅವಳ ಹೃದಯ ಚೆನ್ನಾಗಿತ್ತು. ಆ ಹುಡುಗಿ ಬಿ.ಎಡ್. ಮುಗಿಸಿ ಈಗ ಮಕ್ಕಳಿಗೆ ಕನ್ನಡ ಪಾಠ ಮಾಡುತ್ತಾಳೆ. ಕಪ್ಪು ಹಲಗೆಯ ಮೇಲ್ಭಾಗ ಕೈಗೆ ಎಟುಕುವುದಿಲ್ಲವೆಂದು ಒಂದು ಚಿಕ್ಕ ಮಣೆ ಇಟ್ಟುಕೊಂಡಿದ್ದಾಳಂತೆ.

ಗರ್ಭದಲ್ಲೇ ತಿಳಿದಿದ್ದರೆ ಅವಳ ನಾಲ್ಕು ವರ್ಷದ ಅವಮಾನ ತಪ್ಪುತ್ತಿತ್ತು. ಪರೀಕ್ಷೆಯ ಲಾಭ ಇದು. ಹೆರಿಗೆ ಎಲ್ಲಿ ಮಾಡಿಸಬೇಕು, ಮಗುವಿನ ಹೃದಯ ಯಾವಾಗ ನೋಡಿಸಬೇಕು, ಹಾರ್ಮೋನು ಎಂದು ಶುರು ಮಾಡಬೇಕು ಎಂದು ಮೊದಲೇ ಸಿದ್ಧರಾಗಬಹುದು.

ಬೆಳವಣಿಗೆಯ ಹಾರ್ಮೋನು ದುಬಾರಿ, ನಮ್ಮಂಥವರಿಗೆ ಎಟುಕುವುದಿಲ್ಲ ಎಂದು ಕೈಚೆಲ್ಲಬೇಡಿ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಟರ್ನರ್ ಮಕ್ಕಳ ಈ ಚಿಕಿತ್ಸೆಯನ್ನೂ ಸೇರಿಸಿದ್ದಾರೆ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವನ್ನು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯೊಂದಿಗೆ ಸೇರಿಸಿ ಇದಕ್ಕಾಗಿ ಉತ್ಕೃಷ್ಟತಾ ಕೇಂದ್ರವೆಂದು ಗುರುತಿಸಲಾಗಿದೆ. ಕಬ್ಬಾಳಿನಿಂದ ಬೆಳಗಿನ ಬಸ್ಸು ಹತ್ತಿದರೆ ಅದೇ ದಿನ ಹೋಗಿ ಬರಬಹುದಾದ ದೂರ.

ಕೊನೆಯ ಮಾತು

ತಾಯಂದಿರೇ, ಇಂದು ಮನೆಗೆ ಹೋಗುವಾಗ ಇಷ್ಟು ನೆನಪಿಟ್ಟುಕೊಂಡರೆ ಸಾಕು. ರಕ್ತಪರೀಕ್ಷೆಯ ಒಂದೇ ವರದಿ ನೋಡಿ ತೀರ್ಮಾನ ಮಾಡಬೇಡಿ, ಖಚಿತ ಪರೀಕ್ಷೆ ಮಾಡಿಸಿ. ದೋಷ ಖಚಿತವಾದರೆ ಅದರ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು, ತಳಿವಿಜ್ಞಾನ ಬಲ್ಲ ವೈದ್ಯರ ಮುಂದೆ ಕೂತು, 'ಈ ಮಗು ಹೇಗೆ ಬದುಕುತ್ತದೆ?' ಎಂದು ಕೇಳಿ. 'ಮಗು ಯಾವುದು?' ಎಂದು ಮಾತ್ರ ಯಾರನ್ನೂ ಕೇಳಬೇಡಿ. ಸೊಸೆಗೆ ಮಾತಾಡಲು ಬಿಡಿ. ಮತ್ತು ಆ ಖಾಲಾರಿಗೆ ನಾನು ಕೇಳಿದ ಪ್ರಶ್ನೆಯನ್ನು ನಿಮ್ಮ ನಿಮ್ಮ ಮನಸ್ಸಿಗೆ ಕೇಳಿಕೊಳ್ಳಿ: ಭಯ ಕಾಯಿಲೆಯದೋ, ಹೆಣ್ಣು ಎಂಬುದರದೋ?

ಬಿತ್ತನೆ ಕೋಠಿಯಲ್ಲಿ ಮೊಟ್ಟೆ ಸುಡುವವನಿಗೆ ಮಾರನೇ ದಿನ ಬೇರೆ ಮೊಟ್ಟೆ ಸಿಗುತ್ತದೆ. ನಮ್ಮ ಮನೆಯ ಲೆಕ್ಕ ಹಾಗಲ್ಲ.

 ಪ್ರಶ್ನೆಗಳಿದ್ದವರು ಇಲ್ಲಿ ಕೇಳಲು ಸಂಕೋಚವಾದರೆ ಚಹಾ ಕುಡಿಯುವಾಗ ಹತ್ತಿರ ಬನ್ನಿ. ನಾನು ಸಂಜೆಯ ಬಸ್ಸಿನವರೆಗೆ ಇಲ್ಲೇ ಇರುತ್ತೇನೆ.